ಮಣ್ಣಿನ ಬಾಕಿ

ಉಂಡದ್ದು

ಹೊಲದ ಮಣ್ಣು ಕೊಟ್ಟ ಸಾರಜನಕ, ರಂಜಕ, ಪೊಟ್ಯಾಷ್‌ಗಳೇ ರಾಗಿಮುದ್ದೆಯಾಗಿ ತಟ್ಟೆಗೆ ಬರುತ್ತವೆ. ಬೆಳೆಯುವ ವಯಸ್ಸು ದಾಟಿದ ಮೈ ಇವುಗಳಲ್ಲಿ ಯಾವುದನ್ನೂ ಕೂಡಿಡುವುದಿಲ್ಲ. ಎಷ್ಟು ಉಂಡಿತೋ ಹೆಚ್ಚುಕಡಿಮೆ ಅಷ್ಟನ್ನೇ ಹೊರಗೆ ಹಾಕುತ್ತದೆ. ಊಟವೆಂದರೆ ಮಣ್ಣಿನಿಂದ ತಂದ ಕಡ. ಅದನ್ನು ತೀರಿಸುವ ಬಗೆಯನ್ನು ನಮ್ಮ ಪಟ್ಟಣಗಳು ಮರೆತಿವೆ.

ಮನೆಗಳಿಂದ ಹೊರಡುವ ಕೊಳಚೆ ನೀರಿನಲ್ಲಿ ಮೂತ್ರದ ಪಾಲು ನೂರಕ್ಕೆ ಒಂದರಷ್ಟು. ಆದರೆ ಆ ಕೊಳಚೆಯ ಸಾರಜನಕದ ನೂರಕ್ಕೆ ಸುಮಾರು 80 ಭಾಗ, ರಂಜಕದ ಅರ್ಧದಷ್ಟು ಆ ಒಂದು ಪಾಲಿನಲ್ಲೇ ಇರುತ್ತದೆ. ಅದನ್ನು ಮೊದಲು ನೀರಿನಲ್ಲಿ ಕರಗಿಸಿಬಿಡುತ್ತೇವೆ, ಆಮೇಲೆ ಕೋಟಿಗಟ್ಟಲೆ ಖರ್ಚು ಮಾಡಿ ತೆಗೆಯಲು ಹೊರಡುತ್ತೇವೆ.

ನಮ್ಮ ಊಟದ ಲೆಕ್ಕ ಹಿಡಿದರೆ ಒಂಬತ್ತು-ಹತ್ತು ಮಂದಿ ದೊಡ್ಡವರ ಒಂದು ವರ್ಷದ ಮೂತ್ರದಲ್ಲಿ 45 ಕಿಲೋ ತೂಕದ ಒಂದು ಮೂಟೆ ಯೂರಿಯಾದಷ್ಟು ಸಾರಜನಕ ಇರುತ್ತದೆ. ಮುಂಗಾರು ಹದವಾದ ದಿನ ಸೊಸೈಟಿಯ ಮುಂದೆ ಸಾಲು ನಿಲ್ಲುವ ರೈತನಿಗೆ ಈ ಲೆಕ್ಕವನ್ನು ಯಾರೂ ಹೇಳಿಲ್ಲ.

ಯೂರಿಯಾ ಮನುಷ್ಯನಿಗೆ ಮೊದಲು ಸಿಕ್ಕಿದ್ದು ಮೂತ್ರದಲ್ಲಿ. ಜರ್ಮನಿಯ ಫ್ರೆಡ್ರಿಕ್ ವೋಲರ್ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು 1828ರಲ್ಲಿ. ರಂಜಕ ಸಿಕ್ಕಿದ್ದೂ ಮೂತ್ರದಲ್ಲೇ; ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ 1669ರಲ್ಲಿ ಮೂತ್ರವನ್ನು ಕುದಿಸಿ, ಇಂಗಿಸಿ, ಕಾಯಿಸಿ ಅದನ್ನು ಕಂಡುಕೊಂಡರು. ಗೊಬ್ಬರದಂಗಡಿಯಲ್ಲಿ ನಾವು ಕೇಳಿ ಕೊಳ್ಳುವ ಎರಡು ಮುಖ್ಯ ಸರಕುಗಳ ತವರು ಒಂದೇ.

ಗಾಳಿಯಲ್ಲಿರುವ ಸಾರಜನಕವನ್ನು ನೈಸರ್ಗಿಕ ಅನಿಲದಿಂದ ತೆಗೆದ ಜಲಜನಕದ ಜೊತೆ ಭಾರಿ ಒತ್ತಡದಲ್ಲಿ ಕೂಡಿಸಿ ಅಮೋನಿಯಾ ಮಾಡುತ್ತೇವೆ. ಮಂಗಳೂರಿನ ಪಣಂಬೂರಿನಲ್ಲಿ ನಡೆಯುವ ಕೆಲಸ ಅದೇ. ಅತ್ತ ನಗರದ ದೊಡ್ಡ ಶುದ್ಧೀಕರಣ ಘಟಕಗಳಲ್ಲಿ ವಿದ್ಯುತ್ ಸುರಿದು, ಗಾಳಿ ಊದಿ, ಕೊಳಚೆಯ ಅಮೋನಿಯಾವನ್ನು ಮತ್ತೆ ಗಾಳಿಯ ಸಾರಜನಕವಾಗಿಸಿ ಹಾರಿಬಿಡಲು ನೋಡುತ್ತೇವೆ. ಕಟ್ಟಲು ಒಂದು ಖರ್ಚು, ಬಿಚ್ಚಲು ಒಂದು ಖರ್ಚು. ನಡುವೆ ಆ ಸಾರಜನಕ ಒಂದೇ ಒಂದು ಬೆಳೆಗೆ ಉಪಕಾರ ಮಾಡಿರುತ್ತದೆ.

ಸಾರಜನಕ ಕಳೆದರೆ ಗಾಳಿಯಿಂದ ಮತ್ತೆ ತರಬಹುದು. ರಂಜಕಕ್ಕೆ ಆ ದಾರಿಯಿಲ್ಲ. ಅದು ಕಲ್ಲಿನಲ್ಲಿದೆ, ಕಲ್ಲು ಮೊರಾಕ್ಕೊ, ಜೋರ್ಡಾನ್‌ನಂಥ ಕೆಲವೇ ದೇಶಗಳಲ್ಲಿದೆ. ಅಲ್ಲಿಂದ ಹಡಗಿನಲ್ಲಿ ಬಂದ ರಂಜಕ ಡಿಎಪಿ ಮೂಟೆಯಾಗಿ ನೆಲಮಂಗಲದ ಹೊಲ ಸೇರಿ, ರಾಗಿಯಾಗಿ, ಊಟವಾಗಿ, ಮೋರಿಯಾಗಿ ಹೊಳೆ ಹಿಡಿದು ಕೊನೆಗೆ ಸಮುದ್ರದ ತಳ ಸೇರುತ್ತದೆ. ಅಲ್ಲಿಂದ ಅದನ್ನು ಎತ್ತಿ ತರುವ ಉಪಾಯ ಯಾರ ಬಳಿಯೂ ಇಲ್ಲ.

ಎಲುಬಿನಲ್ಲಿ, ಹಲ್ಲಿನಲ್ಲಿ, ಪ್ರತಿ ಜೀವಕೋಶದ ವಂಶವಾಹಿಯಲ್ಲಿ ರಂಜಕವಿದೆ. ಅದರ ಜಾಗದಲ್ಲಿ ನಿಲ್ಲಬಲ್ಲ ಬೇರೆ ಧಾತು ಇಲ್ಲ. ಬದಲಿ ಇಲ್ಲದ ವಸ್ತುವನ್ನು ಪೋಲು ಮಾಡುವ ಹಕ್ಕು ಯಾವ ತಲೆಮಾರಿಗೂ ಇಲ್ಲ.

ಸಾರ್ವಜನಿಕ ಶೌಚಾಲಯದ ಬಾಗಿಲಲ್ಲಿ ಮೂಗಿಗೆ ಹೊಡೆಯುವ ಕಟು ವಾಸನೆ ಅಮೋನಿಯಾದ್ದು. ಹೊಲ ಸೇರಬೇಕಿದ್ದ ಸಾರ ಗಾಳಿ ಸೇರುತ್ತಿದೆಯೆಂದು ಮೂಗು ಹೇಳುತ್ತದೆ. ನಾವು ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತೇವೆ.

ಅರಿವು ಮತ್ತು ತಲೆ

ತಿಪ್ಪೆ ನಮ್ಮ ಹಳ್ಳಿಗಳ ಹಳೆಯ ಉಳಿತಾಯ ಖಾತೆ. ಕೊಟ್ಟಿಗೆಯ ಸಗಣಿ, ಗಂಜಲ, ಒಲೆಯ ಬೂದಿ, ಕಸಕಡ್ಡಿ ಎಲ್ಲ ಅಲ್ಲಿ ಸೇರಿ, ಯುಗಾದಿ ಕಳೆದ ಮೇಲೆ ಗಾಡಿ ಏರಿ ಹೊಲಕ್ಕೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಗೋಡುಮಣ್ಣನ್ನು ಎತ್ತಿ ಹೊಲಕ್ಕೆ ಹರಡುವುದೂ ಅದೇ ಅರಿವು. ಮಳೆ ಕೊಚ್ಚಿ ತಂದದ್ದನ್ನು ಮನುಷ್ಯ ಹೊತ್ತು ಹಿಂದಕ್ಕೆ ಒಯ್ಯುತ್ತಿದ್ದ.

ಕೊಳಚೆಯ ಸಾರವನ್ನು ಮಣ್ಣಿಗೆ ಮರಳಿಸುವ ವಿಜ್ಞಾನ ಬೆಂಗಳೂರಿಗೆ ಹೊಸದಲ್ಲ. ಮ್ಯಾಂಚೆಸ್ಟರಿನಲ್ಲಿ ಕೊಳಚೆ ಶುದ್ಧೀಕರಣದ ಹೊಸ ವಿಧಾನ ಹುಟ್ಟಿದಾಗ ಅದಕ್ಕೆ ಹತ್ತಿರವಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸಾರಜನಕವನ್ನು ಕಾಪಾಡಿಕೊಳ್ಳುವುದರ ಜೀವರಸಾಯನದ ಬಗ್ಗೆ ಅವರು ಬರೆದ ಪುಸ್ತಕ 1934ರಲ್ಲಿ ಹೊರಬಂತು. ನೀರು ಶುದ್ಧವಾದರೆ ಸಾಲದು, ಅದರಲ್ಲಿದ್ದ ಸಾರ ಎಲ್ಲಿ ಹೋಯಿತೆಂದು ಕೇಳಬೇಕು ಎಂಬ ಕಾಳಜಿ ಈ ಊರಿನಲ್ಲಿ ನೂರು ವರ್ಷದಷ್ಟು ಹಳೆಯದು.

ಜಗತ್ತಿನ ಗೊಬ್ಬರ ಶಾಸ್ತ್ರದ ಪುಸ್ತಕಗಳಲ್ಲಿ ‘ಬೆಂಗಳೂರು ವಿಧಾನ’ ಎಂಬ ಹೆಸರಿದೆ. 1939ರಲ್ಲಿ ಡಾ. ಸಿ.ಎನ್. ಆಚಾರ್ಯ ಅವರು ಇಲ್ಲಿ ರೂಪಿಸಿದ್ದು. ಕಂದಕದಲ್ಲಿ ಊರಿನ ಕಸದ ಒಂದು ಪದರ, ಅದರ ಮೇಲೆ ಮಲದ ತೆಳು ಪದರ, ಮತ್ತೆ ಕಸ, ಮತ್ತೆ ಮಲ. ಮೇಲೆ ಮಣ್ಣು ಮುಚ್ಚಿ ಬಿಟ್ಟರೆ ಒಳಗೆ ಕಾವು ಏರಿ, ತಿರುವಿ ಹಾಕದೆಯೇ ಕೆಲವು ತಿಂಗಳಲ್ಲಿ ಗೊಬ್ಬರ ಸಿದ್ಧ. ಊರಿನ ಹೆಸರು ಹೊತ್ತ ವಿದ್ಯೆಯನ್ನು ಊರೇ ಮರೆತಿದೆ.

ಆ ವಿಧಾನವನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಕಂದಕದವರೆಗೆ ಮಲ ತಾನಾಗಿ ನಡೆದು ಬರಲಿಲ್ಲ. ಯಾರೋ ಅದನ್ನು ಒಣಪಾಯಖಾನೆಯಿಂದ ಕೈಯಲ್ಲಿ ಬಾಚಿ, ತಲೆಯ ಮೇಲೆ ಹೊತ್ತು ತಂದರು. ಆ ಯಾರೋ ಎನ್ನುವವರ ಜಾತಿ ಹುಟ್ಟುವ ಮೊದಲೇ ನಿಶ್ಚಯವಾಗಿತ್ತು.

ಮಣ್ಣಿನ ಋಣ ತೀರಿಸಲು ಮನುಷ್ಯನ ಮಾನವನ್ನು ಅಡವಿಟ್ಟರೆ ತೀರುವುದು ಒಂದು ಸಾಲ, ಬೆಳೆಯುವುದು ಇನ್ನೊಂದು ಸಾಲ. ಎರಡನೆಯದು ದೊಡ್ಡದು.

1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ಗೊಬ್ಬರದ ಚರಿತ್ರೆ ಬರೆಯುವವರು ಆ ಆದೇಶವನ್ನೂ ಅದರಲ್ಲಿ ಸೇರಿಸಬೇಕು. ಸಾರ ಮರಳುವ ದಾರಿ ಮನುಷ್ಯನ ನೆತ್ತಿಯ ಮೇಲಿನಿಂದ ಹಾದುಹೋಗಬಾರದು ಎಂದು ಗೆರೆ ಎಳೆದದ್ದು ಅದು.

ಕೋಲಾರ ಚಿನ್ನದ ಗಣಿಯ ಕಾಲೊನಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಈ ಅನಿಷ್ಟದ ವಿರುದ್ಧ ದೇಶದುದ್ದಕ್ಕೂ ದನಿ ಎತ್ತಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೆಲದಾಳದಿಂದ ಚಿನ್ನ ತೆಗೆದ ಊರಿನಲ್ಲಿ ನೆಲದ ಮೇಲಿನ ಒಣಪಾಯಖಾನೆ ತೊಲಗಿಸಲು ಹೋರಾಟ ಬೇಕಾಯಿತು.

ಮಲ ಹೊರುವುದನ್ನೂ, ರಕ್ಷಣೆಯಿಲ್ಲದೆ ಒಳಚರಂಡಿಗೆ ಇಳಿಸುವುದನ್ನೂ 2013ರ ಕಾಯ್ದೆ ಅಪರಾಧವೆಂದಿತು. ಒಳಗಿಳಿದು ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂದದ್ದೇ ಸಾವು ನಿಂತಿಲ್ಲ ಎನ್ನುವುದಕ್ಕೆ ಸಾಕ್ಷಿ.

ಯಾವುದೇ ಹೊಸ ಶುದ್ಧೀಕರಣ ಯೋಜನೆಯ ನಕ್ಷೆ ಮುಂದಿಟ್ಟಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದು ಕಟ್ಟಿಕೊಂಡ ದಿನ ಒಳಗೆ ಇಳಿಯುವವರು ಯಾರು? ‘ಯಾರೂ ಇಳಿಯಬೇಕಿಲ್ಲ’ ಎಂಬ ಉತ್ತರ ನಕ್ಷೆಯಲ್ಲೇ ಇರಬೇಕು.

ದೇವನಹಳ್ಳಿಯ ಪಾಠ

ಬೆಂಗಳೂರಿನ ಹೊಸ ವಿಮಾನ ನಿಲ್ದಾಣಕ್ಕೆ 2008ರಿಂದ ವಿಮಾನಗಳು ಬಂದಿಳಿಯುತ್ತಿವೆ. ಅದರ ಪಕ್ಕದ ದೇವನಹಳ್ಳಿ ಪಟ್ಟಣದಲ್ಲಿ ಒಳಚರಂಡಿ ಇರಲಿಲ್ಲ. ಮನೆ ಮನೆಗೂ ಗುಂಡಿ. ಬಹುಪಾಲು ಸಣ್ಣ ಪಟ್ಟಣಗಳ ಕಥೆ ಇದೇ. ನೆಲದಡಿ ಕೊಳವೆ ಹಾಕುವವರೆಗೆ ಕಾಯುತ್ತಾ ಕೂತರೆ ಗುಂಡಿಗಳು ಕಾಯುವುದಿಲ್ಲ.

2015ರಲ್ಲಿ ದೇವನಹಳ್ಳಿ ಪುರಸಭೆಯ ಜೊತೆ ಸೇರಿ ಸಿಡಿಡಿ ಸೊಸೈಟಿ ಎಂಬ ಬೆಂಗಳೂರಿನ ಸಂಸ್ಥೆ ಇಲ್ಲಿ ಕಟ್ಟಿದ ಘಟಕ ದೇಶದಲ್ಲೇ ಮೊದಲನೆಯದು: ಒಂದು ಪಟ್ಟಣದ ಪಾಯಖಾನೆ ಗುಂಡಿಗಳ ಹೂಳನ್ನಷ್ಟೇ ಶುದ್ಧಗೊಳಿಸುವ ಘಟಕ. ದಿನಕ್ಕೆ 6,000 ಲೀಟರ್, ಅಂದರೆ ಗುಂಡಿಯ ಹೂಳು ಹೀರುವ ಸಕ್ಕಿಂಗ್ ಗಾಡಿಯ ಒಂದೆರಡು ಲೋಡು. ಮೊದಲ ಹೆಜ್ಜೆ ಸಣ್ಣದಿರಬಹುದು. ಅದು ಇಟ್ಟ ಹೆಜ್ಜೆ ಎಂಬುದು ಮುಖ್ಯ.

ಅಲ್ಲಿನ ಕ್ರಮ ಸರಳ. ಗಾಡಿ ತಂದ ಹೂಳು ಜರಡಿ ದಾಟಿ ಮುಚ್ಚಿದ ತೊಟ್ಟಿಗಳಿಗೆ ಇಳಿಯುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸಿಕೊಳ್ಳುತ್ತವೆ. ಅಲ್ಲಿಂದ ಒಣಹಾಕುವ ಮರಳಿನ ಹಾಸಿಗೆಗೆ ಹೋಗುತ್ತದೆ. ಇಂಗಿ ಬಂದ ನೀರು ಗಿಡ ನೆಟ್ಟ ಜಲ್ಲಿಯ ನಡುವೆ ಹಾದು ತಿಳಿಯಾಗುತ್ತದೆ. ಒಣಗಿದ ಹೂಳನ್ನು ಪಟ್ಟಣದ ಹಸಿಕಸದ ಜೊತೆ ಸೇರಿಸಿ ಗೊಬ್ಬರ ಮಾಡುತ್ತಾರೆ. ಬಹುಪಾಲು ಕೆಲಸವನ್ನು ಇಳಿಜಾರು, ಬಿಸಿಲು ಮತ್ತು ಕಾಲ ಮಾಡುತ್ತವೆ.

1939ರ ಕಂದಕದಲ್ಲಿ ಮಲವೂ ಕಸವೂ ಕೂಡಿದವು. ದೇವನಹಳ್ಳಿಯ ಘಟಕದಲ್ಲೂ ಅವೇ ಎರಡು ಕೂಡಿದವು. ನಡುವಿನ ವ್ಯತ್ಯಾಸ ಒಂದು ಪಂಪು, ಒಂದು ಕೊಳವೆ, ಒಂದು ಟ್ಯಾಂಕರ್. ಆ ವ್ಯತ್ಯಾಸದಲ್ಲಿ ಒಂದು ಸಮುದಾಯದ ಇಡೀ ಬದುಕು ಅಡಗಿದೆ.

ಕಾವು ಗೊಬ್ಬರದ ಧರ್ಮ. ರಾಶಿ 55 ಡಿಗ್ರಿಗೂ ಮೀರಿ ಕೆಲವು ದಿನ ಕಾಯ್ದಾಗ ಜಂತುಹುಳುವಿನ ಮೊಟ್ಟೆಗಳು ಸಾಯುತ್ತವೆ. ಕಾಯದಿದ್ದರೆ ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿ, ಬರಿಗಾಲಲ್ಲಿ ಆಡುವ ಮಗುವಿನ ಉಗುರಿನ ಸಂದಿಗೆ ಬಂದು, ಅಲ್ಲಿಂದ ಹೊಟ್ಟೆ ಸೇರುತ್ತವೆ. ಆತುರದ ಗೊಬ್ಬರ ಗೊಬ್ಬರವಲ್ಲ.

ಗುಂಡಿಯ ಹೂಳನ್ನು ಗಾಡಿಯವರಿಂದ ತರಿಸಿಕೊಂಡು, ತೋಟದ ಕಂದಕಕ್ಕೆ ಬಿಟ್ಟು, ಬೇಸಿಗೆಯೆಲ್ಲ ಒಣಗಿಸಿ, ಬಾಳೆಗೆ ಹಾಕುವ ರೈತರು ಬೆಂಗಳೂರಿನ ಸುತ್ತ ಬಹಳ ಕಾಲದಿಂದ ಇದ್ದಾರೆ. ಅದರ ಬೆಲೆ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೇಳಿಕೊಡಬೇಕಾದದ್ದು ಎಷ್ಟು ದಿನ ಕಾಯಬೇಕು, ಯಾವ ಬೆಳೆಗೆ ಕೂಡದು, ಕೈಗೆ ಕಾಲಿಗೆ ಏನು ತೊಡಬೇಕು ಎಂಬುದನ್ನು. ಗುಟ್ಟಾಗಿ ನಡೆಯುವ ಒಳ್ಳೆಯ ಕೆಲಸಕ್ಕೂ ಅಪಾಯ ತಪ್ಪಿದ್ದಲ್ಲ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ದೊಡ್ಡಬಳ್ಳಾಪುರ ತಾಲ್ಲೂಕಿನ ನಾಗಸಂದ್ರದಲ್ಲಿ ಮುಸುಕಿನ ಜೋಳ, ಬಾಳೆಗಳಿಗೆ ಮನುಷ್ಯರ ಮೂತ್ರವನ್ನೇ ಗೊಬ್ಬರವಾಗಿ ಕೊಟ್ಟು ನೋಡಿದರು. 2009ರ ಹೊತ್ತಿಗೆ ಅದರ ವರದಿಗಳು ಪ್ರಕಟವಾದವು. ರಸಗೊಬ್ಬರಕ್ಕೆ ಅದು ಹೆಗಲೆಣೆಯಾಗಿ ನಿಲ್ಲಬಲ್ಲದೆಂದು ಆ ತಾಲ್ಲೂಕಿನ ಮಣ್ಣೇ ಹೇಳಿತು. ಆ ಮಾತು ಸಂಶೋಧನಾ ಪತ್ರಿಕೆಯ ಪುಟ ದಾಟಿ ರೈತ ಸಂಪರ್ಕ ಕೇಂದ್ರದ ಬಾಗಿಲಿಗೆ ಇನ್ನೂ ಬಂದಿಲ್ಲ.

ಮೂತ್ರದಲ್ಲಿ ಉಪ್ಪೂ ಇದೆ. ಆದ್ದರಿಂದ ಮಣ್ಣು ನೋಡಿ, ಬೇಕಾದಲ್ಲಿ ಜಿಪ್ಸಂ ಸೇರಿಸಿ, ಅಳೆದು ಕೊಡಬೇಕು. ಮುಚ್ಚಿದ ಪಾತ್ರೆಯಲ್ಲಿ ಆರು ತಿಂಗಳು ಇಟ್ಟು ಬಳಸುವುದು, ಕೊಯ್ಲಿಗೆ ಒಂದು ತಿಂಗಳು ಮುಂಚೆ ನಿಲ್ಲಿಸುವುದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಸಲಹೆ. ಒಳ್ಳೆಯದಕ್ಕೂ ಒಂದು ಅಳತೆ, ಒಂದು ಅವಧಿ ಇರುತ್ತದೆ.

ಮೂತ್ರಕ್ಕೆ ಮೆಗ್ನೀಸಿಯಂ ಲವಣ ಬೆರೆಸಿದರೆ ರಂಜಕವೂ ಸ್ವಲ್ಪ ಸಾರಜನಕವೂ ಸೇರಿ ಬಿಳಿ ಹರಳಾಗಿ ತಳಕ್ಕೆ ಇಳಿಯುತ್ತವೆ; ಸ್ಟ್ರುವೈಟ್ ಎಂಬ ಈ ಹರಳು ವಾಸನೆಯಿಲ್ಲದ, ನಿಧಾನವಾಗಿ ಕರಗುವ ಗೊಬ್ಬರ. ಕೊಳಚೆ ಘಟಕಗಳ ಕೊಳವೆಗಳಲ್ಲಿ ಇದೇ ಹರಳು ತಾನಾಗಿ ಕಟ್ಟಿಕೊಂಡು ತೊಂದರೆ ಕೊಡುತ್ತದೆ. ಕರೆಯದೆ ಬಂದಾಗ ಕಾಟ, ಕರೆದು ಕೂರಿಸಿದರೆ ಸಂಪತ್ತು.

ಹಳ್ಳಿಗಳ ಪಾಯಖಾನೆಗೆ ಜೋಡಿ ಗುಂಡಿ ಸಾಕು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಒಂದೆರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿರುವುದು ಮಣ್ಣಿನಂಥ ಗೊಬ್ಬರವಾಗುತ್ತದೆ. ನಾವು ಮಾತ್ರ ಒಂದೇ ಗುಂಡಿಯನ್ನು ಆಳ ತೋಡಿ, ‘ನಮ್ಮ ಕಾಲಕ್ಕೆ ತುಂಬುವುದಿಲ್ಲ’ ಎಂದು ನೆಮ್ಮದಿಯಾಗಿದ್ದೇವೆ. ಆಳದ ಗುಂಡಿ ಅಂತರ್ಜಲಕ್ಕೆ ಹತ್ತಿರ. ನಮ್ಮ ಕಾಲಕ್ಕೆ ತುಂಬದ್ದು ಮಕ್ಕಳ ಕಾಲಕ್ಕೆ ಲೋಟದಲ್ಲಿ ಬರುತ್ತದೆ.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನಕ. ದಾಟಿದರೆ ಬಾಟಲಿ ಹಾಲು ಕುಡಿಯುವ ಹಸುಗೂಸಿನ ರಕ್ತಕ್ಕೆ ಪ್ರಾಣವಾಯು ಹೊರುವ ಶಕ್ತಿ ಕುಗ್ಗಬಹುದು. ಅದೇ ನೈಟ್ರೇಟ್ ಬೆಳೆಯ ಬೇರಿಗೆ ಅನ್ನ. ಒಂದೇ ವಸ್ತು, ಬೇರಿನ ಮಟ್ಟದಲ್ಲಿ ಹಿಡಿದಿಟ್ಟರೆ ಫಸಲು, ಬೋರ್‌ವೆಲ್ಲಿನ ಮಟ್ಟಕ್ಕೆ ಇಳಿಯಬಿಟ್ಟರೆ ಕಾಯಿಲೆ.

ಬೆರಕೆ

ಮನೆಯ ಕೊಳಚೆಯಲ್ಲಿರುವುದು ಊಟದ ಉಳಿಕೆ. ಕಾರ್ಖಾನೆಯ ಕೊಳಚೆಯಲ್ಲಿ ಬಣ್ಣ, ಆಮ್ಲ, ಕ್ರೋಮಿಯಂ, ಸೀಸ ಇರಬಹುದು. ಎರಡನ್ನೂ ಒಂದೇ ಮೋರಿಗೆ ಬಿಟ್ಟ ದಿನವೇ ಊಟದ ಉಳಿಕೆ ಗೊಬ್ಬರವಾಗುವ ಅರ್ಹತೆ ಕಳೆದುಕೊಳ್ಳುತ್ತದೆ. ಸೂಕ್ಷ್ಮಜೀವಿಗಳು ಮಲವನ್ನು ಜೀರ್ಣಿಸಬಲ್ಲವು; ಸೀಸವನ್ನು ಜೀರ್ಣಿಸುವ ಜೀವಿ ಇಲ್ಲ.

ದೊಡ್ಡಬಳ್ಳಾಪುರದ ಪಕ್ಕದ ದೊಡ್ಡತುಮಕೂರು, ಮಜರಾ ಹೊಸಹಳ್ಳಿಯ ಜನ ವರ್ಷಗಳಿಂದ ಕೂಗಿ ಹೇಳುತ್ತಿರುವುದು ಇದನ್ನೇ. ನಗರದ ಒಳಚರಂಡಿ ನೀರೂ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ತಮ್ಮ ಕೆರೆಗಳಿಗೆ ಸೇರಿ, ದನಕರುಗಳಿಗೂ ಆ ನೀರು ಆಗದಂತಾಯಿತು ಎಂಬುದು ಅವರ ಸಂಕಟ. ತಮ್ಮ ಕೆರೆಯ ನೀರನ್ನು ನಂಬಲಾರದ ಹಳ್ಳಿ ಅರ್ಧ ಹಳ್ಳಿ.

ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುತ್ತವೆ. ಒಂದು ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬುತ್ತಾ ಹೆಸರಘಟ್ಟದ ಕಡೆಗೆ, ಇನ್ನೊಂದು ಹೊಸಕೋಟೆಯ ಕಡೆಗೆ. ನೆಲಮಂಗಲದ ಶಿವಗಂಗೆಯಿಂದ ಕುಮುದ್ವತಿ ಬರುತ್ತದೆ. ಬೆಂಗಳೂರು 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಕುಡಿದದ್ದು ಈ ತಾಲ್ಲೂಕುಗಳ ಮಳೆ ನೀರನ್ನು. ಹಳ್ಳಿಗಳು ಕೊಟ್ಟದ್ದು ತಿಳಿನೀರು. ಹಿಂದಕ್ಕೆ ಬರುವುದೂ ಹಾಗೇ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಪಾಯಖಾನೆಗೆ ಆಸಿಡ್ ಸುರಿಯುವ ಕೈ ಗುಂಡಿಯೊಳಗಿನ ಜೀವಿಗಳನ್ನು ಕೊಲ್ಲುತ್ತದೆ. ಅಲ್ಲಿಗೆ ಹಾಕಿದ ಪ್ಯಾಡು, ಬಟ್ಟೆ, ಪ್ಲಾಸ್ಟಿಕ್ ಸಕ್ಕಿಂಗ್ ಗಾಡಿಯ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸಲು ಒಬ್ಬ ಮನುಷ್ಯ ಕೈ ಹಾಕಬೇಕಾಗುತ್ತದೆ. ಶುದ್ಧೀಕರಣ ಘಟಕದ ಮೊದಲ ಜರಡಿ ಇರುವುದು ನಮ್ಮ ಮನೆಯಲ್ಲಿ.

ಬೇರ್ಪಡಿಸುವುದು ಮೂಲದಲ್ಲಿ ಅಗ್ಗ, ದಾರಿಯಲ್ಲಿ ದುಬಾರಿ, ಕೆರೆಯಲ್ಲಿ ಅಸಾಧ್ಯ.

ಕೆರೆ

ಪೋಷಕಾಂಶ ಹೊಲದಲ್ಲಿದ್ದರೆ ಬೆಳೆ, ಕೆರೆಯಲ್ಲಿದ್ದರೆ ಕಳೆ. ರಂಜಕವೂ ಸಾರಜನಕವೂ ಏರಿದ ನೀರಿನಲ್ಲಿ ಪಾಚಿ ಹಬ್ಬುತ್ತದೆ, ಅಂತರಗಂಗೆ ಹಾಸುತ್ತದೆ. ಅವು ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ್ದ ಪ್ರಾಣವಾಯು ಮುಗಿಯುತ್ತದೆ. ಬೆಳಗಿನ ಜಾವ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಅವು ಸತ್ತದ್ದು ವಿಷದಿಂದ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅವು ಉಸಿರುಗಟ್ಟಿ ಸತ್ತಿರುತ್ತವೆ.

ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿ ಬಂತು. 2017ರಲ್ಲಿ ಅದೇ ಕೆರೆಯಿಂದ ಹೊಗೆ ಎದ್ದಿತು. ಮಾಧ್ಯಮಗಳು ನೊರೆ ತೋರಿಸಿದವು. ಆ ನೊರೆಯ ಕೆಳಗೆ ಹರಿದು ಹೋಗುತ್ತಿದ್ದ, ಎಷ್ಟೋ ಹೊಲಗಳಿಗೆ ಸಾಕಾಗುತ್ತಿದ್ದ ಸಾರವನ್ನು ತೋರಿಸುವುದು ಕ್ಯಾಮೆರಾದ ಕೈಲಿ ಆಗುವುದಿಲ್ಲ.

ಈಗ ನಗರದ ಸಂಸ್ಕರಿಸಿದ ನೀರು ಹಳ್ಳಿಗೆ ಬರುತ್ತಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 44 ಕೋಟಿ ಲೀಟರ್ ಕೋಲಾರದ ಕಡೆಗೆ ಕಳಿಸುವ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರದ ಕೆರೆಗೆ ಮೊದಲ ನೀರು ಬಂತು. ಹೆಬ್ಬಾಳ–ನಾಗವಾರ ಕಣಿವೆಯಿಂದ 21 ಕೋಟಿ ಲೀಟರ್ ಬಾಗಲೂರು, ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆಗೆ, 65 ಕೆರೆಗಳಿಗೆ. ಸಾವಿರ ಅಡಿ ಕೊರೆದರೂ ಧೂಳು ಬರುತ್ತಿದ್ದ ನೆಲದಲ್ಲಿ ಕೆರೆ ತುಂಬಿದ್ದನ್ನು ಕಂಡ ರೈತನ ಸಂತೋಷವನ್ನು ಯಾರೂ ಹಗುರಾಗಿ ಕಾಣಬಾರದು.

ಆ ಸಂತೋಷದ ಪಕ್ಕದಲ್ಲೇ ಒಂದು ಬೇಡಿಕೆ ಇದೆ: ಎರಡು ಹಂತದ ಶುದ್ಧಿ ಸಾಲದು, ಮೂರನೇ ಹಂತವೂ ಬೇಕು. ಶಾಶ್ವತ ನೀರಾವರಿ ಹೋರಾಟ ಸಮಿತಿ ಇದನ್ನು ಬೀದಿಯಲ್ಲಿಯೂ ನ್ಯಾಯಾಲಯದಲ್ಲಿಯೂ ಕೇಳಿದೆ. ಎರಡನೇ ಹಂತ ಕೊಳೆಯುವ ವಸ್ತುವನ್ನು ತೆಗೆಯುತ್ತದೆ. ಸಾರಜನಕ, ರಂಜಕಗಳ ಒಳ್ಳೆಯ ಪಾಲು ನೀರಿನಲ್ಲೇ ಉಳಿಯಬಹುದು. ಕೇಳುವವರನ್ನು ಅಭಿವೃದ್ಧಿಯ ವಿರೋಧಿಗಳೆನ್ನುವುದು ಸುಲಭ. ಅವರ ಕೆರೆಯ ನೀರನ್ನು ನಮ್ಮ ಮಕ್ಕಳಿಗೆ ಕುಡಿಸಲು ಸಿದ್ಧರಿದ್ದೇವೆಯೇ ಎಂದು ಕೇಳಿಕೊಂಡ ಮೇಲೆ ಆ ಮಾತು ಬಾಯಿಗೆ ಬರುವುದಿಲ್ಲ.

ಸಂಸ್ಕರಿಸಿದ ನೀರು ನೇರವಾಗಿ ಹೊಲಕ್ಕೆ ಹೋದರೆ ಅದರ ಸಾರ ಬೆಳೆಗೆ ಸಿಗುತ್ತದೆ. ಕೆರೆಯಲ್ಲಿ ನಿಂತರೆ ಪಾಚಿಗೆ ಸಿಗುತ್ತದೆ. ಕೆರೆ ತುಂಬಿಸುವ ಯೋಜನೆಯವರೂ ಅಚ್ಚುಕಟ್ಟಿನ ರೈತರೂ ಒಂದೇ ಚಾಪೆಯ ಮೇಲೆ ಕೂತು ಮಾತಾಡಬೇಕಾದ ವಿಷಯ ಇದು.

ಕೊಲ್ಕತ್ತಾದ ಪೂರ್ವದ ಜೌಗುನೆಲದಲ್ಲಿ ನಗರದ ಕೊಳಚೆ ಕೊಳಗಳಲ್ಲಿ ಹರಡಿ, ಬಿಸಿಲಿಗೆ ಪಾಚಿಯಾಗಿ, ಪಾಚಿ ಮೀನಾಗಿ ನಗರದ ತಟ್ಟೆಗೇ ಮರಳುತ್ತದೆ. ಮೀನುಗಾರರು ಕಟ್ಟಿಕೊಂಡ ಈ ವಿದ್ಯೆಯನ್ನು ಎಂಜಿನಿಯರ್ ಧ್ರುವಜ್ಯೋತಿ ಘೋಷ್ ಲೋಕಕ್ಕೆ ಅರ್ಥ ಮಾಡಿಸಿದರು. 2002ರಲ್ಲಿ ಆ ಜಾಗ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಅನುಭವಿಗಳ ವಿದ್ಯೆಗೆ ಎಂಜಿನಿಯರ್ ಒಬ್ಬ ಶಿಷ್ಯನಾದಾಗ ಇಂಥದ್ದು ಆಗುತ್ತದೆ.

ಅಳತೆ

ಕಣ್ಣಿಗೆ ತಿಳಿಯಾದ ನೀರು ಶುದ್ಧವೆಂದಲ್ಲ. ನೈಟ್ರೇಟಿಗೆ ಬಣ್ಣವಿಲ್ಲ, ಜಂತುಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ, ಕ್ಯಾಡ್ಮಿಯಂಗೆ ವಾಸನೆಯಿಲ್ಲ. ಕಾಣದ್ದನ್ನು ಕಾಣಿಸುವುದಕ್ಕಾಗಿಯೇ ಪ್ರಯೋಗಾಲಯ ಇರುವುದು.

ಪರೀಕ್ಷೆಯ ವರದಿ ಕಡತದಲ್ಲಿದ್ದರೆ ಅದು ಅಧಿಕಾರಿಯ ರಕ್ಷಣೆಗೆ. ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿದ್ದರೆ ಊರಿನ ರಕ್ಷಣೆಗೆ.

ಹಿಂದೆ ಕೆರೆಗೆ ನೀರುಗಂಟಿ ಇರುತ್ತಿದ್ದ. ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂಬುದು ಅವನ ಲೆಕ್ಕ. ಇಂದಿನ ಕೆರೆಗೆ ನೀರಿನ ಪ್ರಮಾಣದ ಜೊತೆ ಗುಣವನ್ನೂ ಲೆಕ್ಕ ಇಡುವ ಒಬ್ಬ ನೀರುಗಂಟಿ ಬೇಕು. ಹಳ್ಳಿಯ ಒಬ್ಬ ಹುಡುಗಿಗೋ ಹುಡುಗನಿಗೋ ತರಬೇತಿ, ಪರೀಕ್ಷೆಯ ಪೆಟ್ಟಿಗೆ, ತಿಂಗಳ ಸಂಬಳ ಕೊಟ್ಟರೆ ಆಗುವ ಕೆಲಸ.

ದೇವನಹಳ್ಳಿಯ ಸುತ್ತ ದ್ರಾಕ್ಷಿ, ಚಕ್ಕೋತ, ಹಿಪ್ಪುನೇರಳೆ, ಗುಲಾಬಿ. ಹೊಸಕೋಟೆಯ ಸುತ್ತ ತರಕಾರಿ. ಒಂದೊಂದಕ್ಕೂ ಒಂದೊಂದು ನಿಯಮ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿಗೆ ಅರೆಶುದ್ಧ ನೀರು ಸಲ್ಲದು. ಮರದ ಹಣ್ಣಿಗೆ ಬುಡದಲ್ಲಿ ಕೊಟ್ಟರೆ ಅಪಾಯ ಕಡಿಮೆ. ‘ಬೆಳೆಗೆ ನೀರು’ ಎಂದು ಒಟ್ಟಾಗಿ ಹೇಳುವವರು ಬೆಳೆಯನ್ನೂ ತಿಳಿದಿಲ್ಲ, ನೀರನ್ನೂ ತಿಳಿದಿಲ್ಲ.

ಜರ್ಮನಿ 2017ರಲ್ಲಿ ನಿಯಮ ಮಾಡಿತು: ದೊಡ್ಡ ಕೊಳಚೆ ಘಟಕಗಳು 2029ರಿಂದ ತಮ್ಮ ಹೂಳಿನ ರಂಜಕವನ್ನು ಮರಳಿ ತೆಗೆಯಲೇಬೇಕು. ಹನ್ನೆರಡು ವರ್ಷ ಮುಂಚೆ ಹೇಳಿದ್ದರಿಂದ ಎಲ್ಲರಿಗೂ ತಯಾರಿಗೆ ಸಮಯ ಸಿಕ್ಕಿತು. ಒಳ್ಳೆಯ ಕಾನೂನು ಬೆದರಿಸುವುದಿಲ್ಲ, ಸಮಯ ಕೊಟ್ಟು ಬಿಡದೆ ಕೇಳುತ್ತದೆ.

ಘಟಕ ಕಟ್ಟಲು ಹಣ ಸುಲಭವಾಗಿ ಸಿಗುತ್ತದೆ, ಏಕೆಂದರೆ ಅದಕ್ಕೆ ಉದ್ಘಾಟನೆ ಇದೆ. ನಡೆಸಲು ಹಣ ಸಿಗುವುದು ಕಷ್ಟ, ಏಕೆಂದರೆ ಹತ್ತನೇ ವರ್ಷದ ಮೋಟಾರು ದುರಸ್ತಿಗೆ ಯಾರೂ ಹಾರ ಹಾಕುವುದಿಲ್ಲ. ಊರಿನ ಆರೋಗ್ಯ ನಿಂತಿರುವುದು ಆ ಹತ್ತನೇ ವರ್ಷದ ಮೇಲೆ.

ತೀರಿಸುವುದು

ಕಾವೇರಿಯ ನೀರನ್ನು ನೂರು ಕಿಲೋಮೀಟರ್ ದೂರದಿಂದ ಎತ್ತಿ ತರುತ್ತೇವೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಸೇರಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಹೆಚ್ಚಿತು. ಮನೆಗೆ ಬಂದ ನೀರಿನ ಬಹುಪಾಲು ಕೊಳಚೆಯಾಗಿ ಹೊರಡುತ್ತದೆ. ತರುವ ಯೋಜನೆಯ ಜೊತೆಯಲ್ಲೇ ಕಳಿಸುವ ಯೋಜನೆಯೂ ಮುಗಿಯದಿದ್ದರೆ ನಗರದ ದಾಹ ತಣಿದಷ್ಟೂ ಕೆಳಗಿನ ಹಳ್ಳಿಯ ಕೆರೆ ಕೆಡುತ್ತದೆ.

ಹೊಲದಿಂದ ಸಂತೆಗೆ, ಸಂತೆಯಿಂದ ನಗರಕ್ಕೆ ರಾಗಿ, ಹಾಲು, ಹೂವು, ತರಕಾರಿ ದಿನವೂ ಹೋಗುತ್ತವೆ. ಪ್ರತಿ ಲೋಡಿನಲ್ಲೂ ಮಣ್ಣಿನ ಸಾರ ಹೋಗುತ್ತದೆ. ರೈತನಿಗೆ ಬೆಳೆಯ ಬೆಲೆ ಸಿಕ್ಕೀತು, ಸಿಗದೆಯೂ ಇದ್ದೀತು. ಮಣ್ಣಿನ ಬೆಲೆಯನ್ನು ಇದುವರೆಗೆ ಯಾವ ಮಂಡಿಯೂ ಕಟ್ಟಿಲ್ಲ.

ನಗರ ಹಳ್ಳಿಗೆ ಕಳಿಸುವ ಸಂಸ್ಕರಿಸಿದ ನೀರನ್ನು ದಾನವೆಂದು ಕರೆಯುವವರಿದ್ದಾರೆ. ಕಡ ತಂದವನು ಹಿಂದಿರುಗಿಸಿದರೆ ಅದು ದಾನವಾಗುವುದಿಲ್ಲ. ಮತ್ತು ಹಿಂದಿರುಗಿಸುವ ಕಾಳು ಹುಳು ಹಿಡಿದಿದ್ದರೆ ಕೊಟ್ಟವನಿಗೆ ಬೇಡ ಎನ್ನುವ ಹಕ್ಕಿದೆ.

ಅಸಹ್ಯ ಒಳ್ಳೆಯ ಕಾವಲುಗಾರ. ಕೊಳೆಯಿಂದ ನಮ್ಮನ್ನು ದೂರ ಇಡುತ್ತದೆ. ಆದರೆ ಅಸಹ್ಯಕ್ಕೆ ಯೋಚನೆಯ ಅಧಿಕಾರ ಕೊಟ್ಟಾಗ ಅದು ಕೊಳೆಯ ಜೊತೆಗೆ ಅದನ್ನು ತೆಗೆಯುವವರನ್ನೂ ದೂರ ಇಡುತ್ತದೆ. ನಮ್ಮ ಸಮಾಜದಲ್ಲಿ ಆದದ್ದು ಇದು.

ಸಕ್ಕಿಂಗ್ ಗಾಡಿ ಓಡಿಸುವವನಿಗೆ ಕೈಗವಸು, ಬೂಟು, ವಿಮೆ, ಸಂಬಳದ ರಜೆ, ಗಾಡಿ ಇಳಿಸಲು ಕಾನೂನಿನ ಒಂದು ಜಾಗ ಇವಿಷ್ಟನ್ನು ಕೊಡದ ಊರು ಪೋಷಕಾಂಶ ಮರುಬಳಕೆಯ ಬಗ್ಗೆ ವಿಚಾರಗೋಷ್ಠಿ ಮಾಡುವ ಯೋಗ್ಯತೆ ಪಡೆದಿರುವುದಿಲ್ಲ. ರಾತ್ರಿ ಕದ್ದು ರಾಜಕಾಲುವೆಗೆ ಬಿಡುವ ಚಾಲಕನನ್ನು ಹಿಡಿದು ದಂಡ ಹಾಕುವ ಮುನ್ನ, ಹಗಲಲ್ಲಿ ಬಿಡಲು ನಾವು ಜಾಗ ಮಾಡಿದ್ದೇವೆಯೇ ಎಂದು ನೋಡಬೇಕು.

ಶಾಲೆಯ ಪಾಠದಲ್ಲಿ ನೀರಿನ ಚಕ್ರದ ಚಿತ್ರವಿದೆ: ಕಡಲು, ಮೋಡ, ಮಳೆ, ಹೊಳೆ. ಅದರ ಪಕ್ಕದಲ್ಲೇ ರಂಜಕದ ಚಿತ್ರವೂ ಇರಲಿ: ಕಲ್ಲು, ಗೊಬ್ಬರ, ಹೊಲ, ಊಟ, ಗುಂಡಿ. ಗುಂಡಿಯಿಂದ ಹೊಲಕ್ಕೆ ಬರಬೇಕಾದ ಬಾಣವನ್ನು ಮಗುವೇ ಎಳೆಯಲಿ. ಕೊಳಚೆಯನ್ನು ಅರಿತ ಮಗು ಕೊಳಚೆ ತೆಗೆಯುವವರನ್ನು ಕೀಳಾಗಿ ಕಾಣುವುದಿಲ್ಲ.

ಇದಕ್ಕೆಲ್ಲ ಹೊಸ ವಿಜ್ಞಾನ ಹುಟ್ಟಿಬರಬೇಕಿಲ್ಲ. ಕಾರ್ಖಾನೆಯ ನೀರು ಮನೆಯ ನೀರಿಗೆ ಬೆರೆಯದಂತೆ ತಡೆಯುವುದು, ಗುಂಡಿಯ ಹೂಳಿಗೆ ಪ್ರತಿ ಪಟ್ಟಣದಲ್ಲಿ ಒಂದು ಘಟಕ ಕಟ್ಟಿ ನಡೆಸುವುದು, ಕೆರೆಗೆ ಬರುವ ನೀರನ್ನು ಊರಿನವರ ಮುಂದೆ ಅಳೆಯುವುದು, ಯಾವ ಮನುಷ್ಯನನ್ನೂ ಒಳಗೆ ಇಳಿಸದಿರುವುದು: ನಾಲ್ಕೂ ನಮಗೆ ಗೊತ್ತಿರುವ ಕೆಲಸಗಳು. ಹೂಳನ್ನು ಗೊಬ್ಬರವಾಗಿಸಬಹುದೆಂದು ದೇವನಹಳ್ಳಿ ತೋರಿಸಿದೆ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳು ಅದನ್ನು ಇನ್ನಷ್ಟು ದೊಡ್ಡದಾಗಿ, ಇನ್ನಷ್ಟು ಚೆನ್ನಾಗಿ ಮಾಡಲಿ. ಅದರ ಖರ್ಚಿನಲ್ಲಿ ಬೆಂಗಳೂರು ತಾನು ಉಂಡಷ್ಟು ಪಾಲನ್ನು ಹೊರಲಿ.